ಸಕ್ಕರೆಯಿಲ್ಲದ ಸಕ್ಕರೆ ಆರತಿ

ಆಲಮೇಲದಲ್ಲಿ ಇರುವೆಗಳು ಉಪವಾಸ ಬೀಳುವ ಮನೆ ಯಾವುದಾದರೂ ಇದ್ದರೆ ಅದು ನಮ್ಮ ಅತ್ತೆಯದು! ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕಬ್ಬು ಕಡಿಯುವ ಕಾಲ ಬಂತೆಂದರೆ ಆ ಊರಿನ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೂಗಾಡುತ್ತ ಸಾಗುತ್ತಿರುತ್ತವೆ. ಅತ್ತೆಯ ಮನೆಯ ಹಿತ್ತಲು ದಾಟಿದರೆ ಅವರದೇ ಕಬ್ಬಿನ ಹೊಲ. ಅಂಥ ಮನೆಯ ಅಡುಗೆಮನೆಯನ್ನು ತಲೆಕೆಳಗು ಮಾಡಿ ಹುಡುಕಿದರೂ ಒಂದು ಹರಳು ಸಕ್ಕರೆ ಸಿಗುವುದಿಲ್ಲ. ದಾರಿ ತಪ್ಪಿ ಒಳಗೆ ಬಂದ ಇರುವೆಸಾಲೊಂದು ಡಬ್ಬಿಗಳ ಸುತ್ತ ಪ್ರದಕ್ಷಿಣೆ ಹಾಕಿ, ಎಲ್ಲ ವಿಚಾರಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ಪಕ್ಕದ ಮನೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗೆಂದು ಬಂದವರಿಗೆ ಚಹಾ ಇಲ್ಲವೆಂದಲ್ಲ. ಚಹಾ ಬರುತ್ತದೆ, ಸಪ್ಪೆಯಾಗಿ ಬರುತ್ತದೆ. ಜೊತೆಗೊಂದು ಬಟ್ಟಲಲ್ಲಿ ಒಣದ್ರಾಕ್ಷಿ. "ಒಂದ ದ್ರಾಕ್ಷಿ ದವಡ್ಯಾಗ ಇಟ್ಕೊಳ್ರಿ, ಅದರ ಮ್ಯಾಲ ಚಾ ಕುಡೀರಿ" ಎಂದು ಅತ್ತೆ ಕ್ರಮ ವಿವರಿಸುತ್ತಾಳೆ. ಊರಿನ ಹಿರಿಯರೊಬ್ಬರು ಹೀಗೆ ದವಡೆಯಲ್ಲಿ ದ್ರಾಕ್ಷಿ ಇಟ್ಟುಕೊಂಡೇ ರಾಜಕೀಯ ಮಾತಾಡಲು ಹೋಗಿ, ಅದು ಗಂಟಲಿಗೆ ಸಿಕ್ಕಿ, ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದರು. ಅತ್ತೆ ಅವರ ಬೆನ್ನು ತಟ್ಟುವ ಕೆಲಸವನ್ನು ನನಗೆ ಒಪ್ಪಿಸಿ, ನೀರಿನ ತಂಬಿಗೆ ಮುಂದೆ ಹಿಡಿದು, "ನೋಡ್ರಿ, ಸಕ್ರಿ ಚಾ ಕುಡದು ಕುಡದು ನಿಮ್ಮ ಗಂಟಲಾ ಎಷ್ಟ ನಾಜೂಕ ಆಗೈತಿ!" ಎಂದಳು. ಅತ್ತೆಯ ಮನೆಯಲ್ಲಿ ಏನೇ ಆದರೂ ತಪ್ಪು ಸಕ್ಕರೆಯದೇ.

"ಹೋಗಲಿ, ಬೆಲ್ಲನಾರ ಹಾಕು ಅತ್ತಿ" ಎಂದು ನಾನೊಮ್ಮೆ ರಾಜಿಗೆ ಇಳಿದೆ.

"ಬೆಲ್ಲ ಅಂದ್ರ ಏನು? ಸಕ್ರಿಯ ಅಣ್ಣ. ತಮ್ಮನ್ನ ಹೊರಗ ಹಾಕಿದ ಮ್ಯಾಲ ಅಣ್ಣಗ ಒಳಗೇನು ಕೆಲಸ?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ. ನಾನು ಬಸವನ ಬಾಗೇವಾಡಿಯಲ್ಲಿ ಸಾಲಿ ಮಾಸ್ತರ, ದಿನವೆಲ್ಲ ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವವನು, ಅವತ್ತು ಮಾತ್ರ ಇನ್ನೊಂದು ದ್ರಾಕ್ಷಿ ದವಡೆಗೆ ಇಟ್ಟುಕೊಂಡೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಟ್ಟಿನಿಂದ ಹೀಗಿದ್ದವಳಲ್ಲ. ಒಂದು ಕಾಲಕ್ಕೆ ಅವಳ ಕೈಯ ಹೋಳಿಗೆ, ಮಾದಲಿ, ಗೋಧಿ ಹುಗ್ಗಿ ತಿನ್ನಲೆಂದೇ ಬೀಗರು ಇಲ್ಲದ ನೆಪ ಹುಡುಕಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಎಲೆಯ ಮುಂದೆ ಕೂರುತ್ತಿದ್ದವರು ನಮ್ಮ ಮಾವ. ಮಾವ ಎಂದರೆ ಅತ್ತೆಯ ಗಂಡ. ಭಾರಿ ಆಸಾಮಿ, ಆದರೆ ಮಾತು ಬಹಳ ಕಡಿಮೆ. ನಮ್ಮ ಕಡೆಯ ಗಂಡಸರು ಹೆಂಡತಿಯ ಅಡುಗೆಯನ್ನು ಬಾಯಿಬಿಟ್ಟು ಹೊಗಳಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹದವಾಗಿದ್ದರೆ ಒಂದು ತೇಗು, ಅಲ್ಲಿಗೆ ಮುಗಿಯಿತು! ಮಾವನದು ಮಾತ್ರ ಬೇರೆ ರೀತಿ. ಸಿಹಿ ತಿಂದು, ತಾಟಿನತ್ತ ನೋಡುತ್ತಲೇ, "ಇನ್ನಷ್ಟ ನೀಡು" ಎನ್ನುತ್ತಿದ್ದರು. ಮದುವೆಯಾದಾಗಿನಿಂದ ಅತ್ತೆಗೆ ಸಿಕ್ಕ ಹೊಗಳಿಕೆಯೆಂದರೆ ಅದೊಂದೇ. ಅದನ್ನು ಕೇಳಿದಾಗ ಅವಳು ಸೆರಗು ಸರಿಮಾಡಿಕೊಂಡು, ಏನೂ ಆಗದವಳಂತೆ ಒಳಗೆ ಹೋಗಿ, ಒಂದರ ಬದಲು ಎರಡು ಹೋಳಿಗೆ ತರುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಸಿಂದಗಿಯ ಡಾಕ್ಟರು ಮಾವನ ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದರು. ಕಾಲಿನ ಹೆಬ್ಬೆರಳಿನ ಗಾಯ ಮಾಯದೇ ಇದ್ದದ್ದು ಅದಕ್ಕೇ ಎಂದು ತಿಳಿಯಿತು. ಔಷಧ ಕೊಟ್ಟರು, ಪಥ್ಯ ಹೇಳಿದರು. ತಿರುಗಿ ಬರುವ ಬಸ್ಸಿನಲ್ಲಿ ಮಾವ ಕಿಟಕಿಯ ಆಚೆ ಕಬ್ಬಿನ ಹೊಲಗಳನ್ನು ನೋಡುತ್ತ, "ನಾವು ಬೆಳದ ಕಬ್ಬಿನ ಸಕ್ರಿ ದೇಶ ಎಲ್ಲಾ ತಿಂತೈತಿ. ನಂದಷ್ಟ ಮುಗೀತು ನೋಡು" ಎಂದರಂತೆ. "ಯಾಕ ಮುಗೀತೈತಿ? ನಾ ಇದ್ದೇನಿಲ್ಲೇನು?" ಎಂದಳಂತೆ ಅತ್ತೆ. ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ಸಕ್ಕರೆ ಡಬ್ಬಿ, ಬೆಲ್ಲದ ಪೆಂಟೆ ಎಲ್ಲವನ್ನೂ ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಇರುವೆಗಳೂ ಹಿಂದೆಯೇ ಹೋದವು.

ಗಂಡ ಬಿಟ್ಟದ್ದನ್ನು ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಆದರೆ ಸಿಹಿ ಇಲ್ಲದ ಮನೆಯೂ ಆಗಬಾರದು. ಹಾಗಾದರೆ ಉಳಿದದ್ದೇನು? ಹಣ್ಣು! ಹಣ್ಣಿನಿಂದಲೇ ಸಿಹಿ ಮಾಡಿ, ಮಾವನ ಬಾಯಿಂದ ಆ "ಇನ್ನಷ್ಟ ನೀಡು" ಮತ್ತೊಮ್ಮೆ ಹೊರಡಿಸುತ್ತೇನೆಂದು ಅತ್ತೆ ಪಣ ತೊಟ್ಟಳು. ಹಣ್ಣಿನ ಹೋಳಿಗೆ ಬೇಯುವುದಿಲ್ಲ, ಹಣ್ಣಿನ ಉಂಡೆ ನಿಲ್ಲುವುದಿಲ್ಲ ಎಂದು ಒಂದೊಂದೇ ಗೊತ್ತಾದ ಮೇಲೆ ಫೋನಿನಲ್ಲಿ ಯಾವಳೋ ಒಬ್ಬಳು ಕುಕ್ಕರಿನಲ್ಲಿ ಕೇಕ್ ಮಾಡುವುದನ್ನು ನೋಡಿದಳು. ಅಲ್ಲಿಂದ ಶುರುವಾಯಿತು ನೋಡಿ ನಮ್ಮೆಲ್ಲರ ಗ್ರಹಚಾರ.

ಕುಕ್ಕರಿನ ಸೀಟಿ ಹೋಯಿತು, ರಬ್ಬರು ಹೋಯಿತು. ತಳಕ್ಕೆ ಭೀಮಾ ನದಿಯ ಉಸುಕು ತರಿಸಿ, ಸೋಸಿ, ತೊಳೆದು, ಒಣಗಿಸಿ ಹಾಕಿದ್ದಾಯಿತು. ಅದರ ಮೇಲೆ ಬೋಗುಣಿ. ಬೋಗುಣಿಯಲ್ಲಿ ಕಿವುಚಿದ ಬಾಳೆಹಣ್ಣು, ರುಬ್ಬಿದ ಖರ್ಜೂರ, ತುಪ್ಪ ಮತ್ತು ಜೋಳದ ಹಿಟ್ಟು. ಜೋಳ ಯಾಕೆ ಎಂದು ಕೇಳಬೇಡಿ. ನಮ್ಮ ನಾಡಿನಲ್ಲಿ ಹಿಟ್ಟೆಂದರೆ ಜೋಳದ್ದೇ. ಗೋಧಿ ಹಿಟ್ಟಿಗೆ ಗೋಧಿ ಹಿಟ್ಟು ಎಂದು ಪೂರ್ತಿ ಹೆಸರು ಹಿಡಿದು ಕರೆಯಬೇಕು. ಆ ದಿನ ನಾನೂ ಅಲ್ಲಿದ್ದೆ. ಮುಚ್ಚಳ ತೆಗೆದಾಗ ಘಮ ಚೆನ್ನಾಗಿಯೇ ಬಂತು. ಅತ್ತೆ ಹಿಗ್ಗಿ ಬೋಗುಣಿ ಎತ್ತಿದಳು, ಇಕ್ಕಳ ಜಾರಿತು, ಕೇಕ್ ಕುಕ್ಕರಿನೊಳಗೇ ಮಗುಚಿ ಬಿತ್ತು. ಬಿದ್ದದ್ದು ಪುಡಿಪುಡಿಯಾಯಿತು. ಮಾವ ಬಂದು ಬಗ್ಗಿ ನೋಡಿದರು. ಬಣ್ಣ ಒಂದೇ, ಹರಳೂ ಒಂದೇ.

"ಇದರಾಗ ಉಸುಕು ಯಾವುದು, ಕೇಕ್ ಯಾವುದು?" ಎಂದು ಕೇಳಿದರು.

"ತಿಂದ್ರ ತಿಳೀತೈತಿ!" ಎಂದಳು ಅತ್ತೆ. ಮಾವ ತಿಂದರು. ಏನು ತಿಂದರೋ ದೇವರಿಗೇ ಗೊತ್ತು, "ಇನ್ನಷ್ಟ ನೀಡು" ಎನ್ನಲಿಲ್ಲ.

ಜೋಳ ಕೈಕೊಟ್ಟ ಮೇಲೆ ಗೋಧಿ ಹಿಟ್ಟು ಬಂತು. ಕೇಕ್ ಉಬ್ಬಲಿ ಎಂದು ಸೋಡಾದ ಮೇಲೆ ಇಂಡಿ ಪೇಟೆಯ ಲಿಂಬೆಹಣ್ಣು ಹಿಂಡಿದರೆ ಅದು ಬುಸ್ಸೆಂದು ನೊರೆಯೇಳುವುದನ್ನು ನೋಡುವುದೇ ಅತ್ತೆಗೆ ಒಂದು ಸಂಭ್ರಮ. ಆಮೇಲೆ ಹಣ್ಣಿನ ಗುಟ್ಟೂ ತಿಳಿಯಿತು. ಅಂಗಡಿಯಲ್ಲಿ ಚೆಂದವಾಗಿ ಹೊಳೆಯುವ ಹಣ್ಣು ಕೇಕಿಗೆ ಬಾರದು. ಸಿಪ್ಪೆ ಕರ್ರಗಾಗಿ, ಒಳಗೆ ಮೆತ್ತಗಾಗಿ, ಇನ್ನೇನು ಕೈಬಿಡುತ್ತದೆ ಎನ್ನುವ ಹಣ್ಣಿನಲ್ಲೇ ಸಿಹಿ ಹೆಚ್ಚು. ನಾವಿಬ್ಬರೂ ಒಮ್ಮೆ ಇಂಡಿಯ ಸಂತೆಗೆ ಹೋಗಿದ್ದೆವು. ಹಣ್ಣಿನವನು ಬಂಗಾರದಂಥ ಬಾಳೆಗೊನೆ ಎತ್ತಿ ತೋರಿಸಿದ. ಅತ್ತೆ ಅದನ್ನು ಕಣ್ಣೆತ್ತಿಯೂ ನೋಡದೆ ಮೂಲೆಯ ಬುಟ್ಟಿಗೆ ಕೈ ಹಾಕಿದಳು.

"ಅವ್ವಾರ, ಅದು ಕರ್ರಗಾಗೈತ್ರಿ. ಎಮ್ಮಿಗೇನ್ರಿ?" ಎಂದ ಅವನು.

"ಎಮ್ಮಿಗಲ್ಲಪಾ, ನಮ್ಮನಿಯವ್ರಿಗೆ" ಎಂದಳು ಅತ್ತೆ, ಎರಡೂ ಕೈಯಿಂದ ಹಣ್ಣು ಆರಿಸುತ್ತ.

ಹಣ್ಣಿನವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಆ ಗಂಡ ನಾನಲ್ಲಪ್ಪ, ಅವರು ಊರಲ್ಲಿದ್ದಾರೆ ಎಂದು ನಾನು ಕೈಸನ್ನೆ ಮಾಡಿದೆ. ಕಾಣದ ಆ ಗಂಡಸಿನ ಮೇಲೆ ಮರುಕ ಬಂದು ಅವನು ಚೀಲಕ್ಕೆ ಎರಡು ದಾಳಿಂಬೆ ಹೆಚ್ಚಿಗೆ ಹಾಕಿದ.

ಆಲಮೇಲದಿಂದ ಬಾಗೇವಾಡಿಗೆ ಬಂದರೂ ನನಗೆ ಬಿಡುಗಡೆ ಇಲ್ಲ. ಮಾವನಿಗೆ ನೀಡುವ ಮೊದಲು ರುಚಿ ನೋಡುವ ಕೆಲಸ ನನ್ನದು. ಅತ್ತೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಬ್ಬಿ ಕೊಡುತ್ತಾಳೆ. ಅದು ಸಿಂದಗಿಯಲ್ಲಿ ಇನ್ನೊಂದು ಬಸ್ಸು ಹತ್ತಿ, ಹೂವಿನ ಹಿಪ್ಪರಗಿ ದಾಟಿ, ಸಾಲಿ ಬಿಡುವ ಹೊತ್ತಿಗೆ ನನ್ನ ಕೈ ಸೇರುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಒಂದು ಮೂಲೆ ಖಾಲಿ ಇರುತ್ತಿತ್ತು. ಇಲಿ ಎಂದುಕೊಂಡಿದ್ದೆ. ಒಂದು ದಿನ ಕಂಡಕ್ಟರನೇ ಡಬ್ಬಿ ಕೊಡುತ್ತ ಬಾಯಿಬಿಟ್ಟ: "ಸರ, ನಿಮ್ಮ ಅತ್ತಿಯವ್ರಿಗೆ ಹೇಳ್ರಿ. ಚಿಕ್ಕು ಹಣ್ಣಿಂದು ಭಾರಿ ಛಲೋ ಆಗಿತ್ತು. ಪಪ್ಪಾಯಿದು ಮಾತ್ರ ಮತ್ತ ಮಾಡೂದು ಬ್ಯಾಡ್ರಿ, ಡ್ರೈವರಗೂ ಸೇರಲಿಲ್ಲ." ನಾನು ಅದನ್ನೇ ನನ್ನ ಅಭಿಪ್ರಾಯವೆಂದು ಅತ್ತೆಗೆ ಫೋನಿನಲ್ಲಿ ತಿಳಿಸಿದೆ. ನನ್ನ ನಾಲಿಗೆ ಬಹಳ ಸೂಕ್ಷ್ಮ ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಚಿಕ್ಕು ಹಣ್ಣಿನ ಕೇಕ್ ಒಂದು ಹದಕ್ಕೆ ಬಂದ ಮೇಲೆ ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಿಂದಗಿಯ ಡಾಕ್ಟರ ಮುಂದೆ ಇಟ್ಟಳು. "ಒಂದ ಹರಳು ಸಕ್ರಿ ಹಾಕಿಲ್ರಿ. ನಮ್ಮನಿಯವ್ರು ಬೇಕಾದಷ್ಟ ತಿನ್ನಬಹುದಲ್ರಿ?"

ಡಾಕ್ಟರು ಸಭ್ಯರು. ಒಂದು ಚೂರು ಬಾಯಿಗಿಟ್ಟು, ಚೆನ್ನಾಗಿದೆ ಎಂದು ಒಪ್ಪಿಕೊಂಡು, ಆಮೇಲೆ ಮೆಲ್ಲಗೆ ಹೇಳಿದರು: "ಅಮ್ಮಾರ, ಹಣ್ಣಿನಾಗಿಂದು ಸಕ್ರಿನ ಅಲ್ಲೇನ್ರಿ? ಖಜೂರದಾಗಂತೂ ಕೇಳೂದ ಬ್ಯಾಡ."

"ಅದು ದೇವ್ರು ಹಾಕಿದ್ದು ಡಾಕ್ಟರ. ನಾ ಹಾಕಿದ್ದಲ್ಲ."

"ಯಾರ ಹಾಕಿದ್ರೂ ನಮ್ಮ ಮೀಟರಿಗೆ ಗೊತ್ತಾಗಂಗಿಲ್ರಿ. ಊಟ ಆದ ಮ್ಯಾಲ ಒಂದ ತುಂಡು. ಸಣ್ಣದು. ಅವತ್ತ ಒಂದ ರೊಟ್ಟಿ ಕಡಿಮಿ. ಅದರ ಮ್ಯಾಲ ಬ್ಯಾಡ."

ಅತ್ತೆಗೆ ಆ ದಿನ ಬಹಳ ಬೇಸರವಾಯಿತು. ಬಸ್‌ಸ್ಟ್ಯಾಂಡಿನವರೆಗೂ ದೇವರನ್ನು ಬೈದಳು. ಆದರೆ ಡಾಕ್ಟರು ಹೇಳಿದ್ದನ್ನು ಮೀರಲಿಲ್ಲ. ಸಣ್ಣದೆಂದರೆ ಎಷ್ಟು ಸಣ್ಣದು ಎಂದು ಕೇಳುವುದನ್ನು ಮರೆತಿದ್ದಳು. ತಾನೇ ವಿಚಾರ ಮಾಡಿ ಕಡ್ಡಿಪೆಟ್ಟಿಗೆಯ ಅಳತೆ ಗೊತ್ತುಮಾಡಿದಳು. ಅಂದಿನಿಂದ ಕೇಕಿನ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು, ಸುತ್ತಲೂ ಚಾಕು ಆಡಿಸಿ, ಹೊಲದ ಸರ್ವೇ ಮಾಡಿದ ಹಾಗೆ ತುಂಡು ಮಾಡುತ್ತಾಳೆ. "ಇದನ್ನ ತಿನ್ನಲೋ, ಬೀಡಿ ಹಚ್ಚಲೋ?" ಎಂದರು ಮಾವ. ಅಷ್ಟೇ. ತಿಂದು, ಕೈ ತೊಳೆದು, ಎದ್ದು ಹೋದರು.

ಇದು ಅತ್ತೆಗೆ ದೊಡ್ಡ ಕೊರಗು. ಬೇಡ ಎಂದಿದ್ದರೆ ಜಗಳ ಮಾಡಬಹುದಿತ್ತು. ಮಾವ ಎಂದೂ ಬೇಡ ಎನ್ನಲಿಲ್ಲ. ಅಂಜೂರದ್ದು ಕೊಟ್ಟರೂ ತಿಂದರು, ಸೀತಾಫಲದ್ದು ಕೊಟ್ಟರೂ ತಿಂದರು, ಪೇರಲದ್ದು ಕೊಟ್ಟಾಗ ಬೀಜ ಹಲ್ಲಿಗೆ ಸಿಕ್ಕಿತೆಂದು ನಾಲಿಗೆಯಿಂದ ತಡಕಾಡುತ್ತಲೇ ತಿಂದರು. ಪ್ರತಿ ಸಲ ಅತ್ತೆ ಬಾಗಿಲ ತೋಳಿಗೆ ಒರಗಿ ಅವರ ಬಾಯನ್ನೇ ನೋಡುತ್ತ ನಿಲ್ಲುವಳು. ಪ್ರತಿ ಸಲ ಮಾವ ಸುಮ್ಮನೆ ಎದ್ದು ಹೋಗುವರು. ಆಮೇಲೆ ನನಗೆ ಫೋನು: "ಇವತ್ತೂ ಏನೂ ಅನ್ಲಿಲ್ಲೋ ತಮ್ಮಾ. ಸೋಡಾ ಹೆಚ್ಚಾತೇನು?"

ಅಷ್ಟರಲ್ಲಿ ಮಾವನಿಗೆ ಒಮ್ಮೆಲೇ ದೈವಭಕ್ತಿ ಬಂತು. ಹಬ್ಬಕ್ಕೂ ಗುಡಿಯ ಕಡೆ ಹಾಯದ ಮನುಷ್ಯ ಸೋಮವಾರ ಈಶ್ವರನ ಗುಡಿ, ಶುಕ್ರವಾರ ದೇವಿ ಗುಡಿ, ಶನಿವಾರ ಹನುಮಪ್ಪನ ಗುಡಿ ಎಂದು ವಿಭೂತಿ ಹಚ್ಚಿಕೊಂಡು ಹೊರಡತೊಡಗಿದರು. ಅತ್ತೆಗೆ ಆನಂದವೋ ಆನಂದ! ಬ್ಯಾನೆ ಬಂದರೂ ಬುದ್ಧಿ ತಂತು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಒಂದು ಶನಿವಾರ ತಾನೂ ಹಿಂದೆಯೇ ಹೋದಳು. ನೋಡುತ್ತಾಳೆ, ಮಾವ ಹನುಮಪ್ಪನಿಗೆ ಬೆನ್ನು ಹಾಕಿ, ಪೂಜಾರಿಯ ಮುಂದೆ ಅಂಗೈ ಚಾಚಿ ನಿಂತಿದ್ದಾರೆ. ಅಂಗೈ ತುಂಬ ಕಲ್ಲುಸಕ್ಕರೆ!

"ಪರಸಾದಕ್ಕ ಬ್ಯಾಡ ಅನಬಾರದು" ಎಂದರು ಮಾವ, ಬಾಯಿ ತುಂಬಿದ್ದರಿಂದ ಸ್ವಲ್ಪ ತಡವರಿಸಿ.

ಮರುವಾರದಿಂದ ಅತ್ತೆಯ ಮನೆಯಿಂದ ಎಲ್ಲ ಗುಡಿಗೂ ಖರ್ಜೂರದ ಸಣ್ಣ ಚೂರುಗಳ ನೈವೇದ್ಯ ಹೊರಟಿತು. ಪೂಜಾರಿಗಳಿಗೆ ಕಟ್ಟಪ್ಪಣೆ: ಮಾವನ ಅಂಗೈಗೆ ಒಂದೇ ಚೂರು. ಮೂರೂ ದೇವರ ಪ್ರಸಾದ ಹೀಗೆ ಅಳತೆಗೆ ಬಂದ ಮೇಲೆ ಮಾವನ ಭಕ್ತಿ ಬಂದಷ್ಟೇ ವೇಗವಾಗಿ ಇಳಿದುಹೋಯಿತು.

ನಾನು ಒಮ್ಮೆ ಮಾವನ ಜೊತೆ ಹೊಲಕ್ಕೆ ಹೋದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಮಾವಾ, ಒಮ್ಮಿ ಇನ್ನಷ್ಟ ನೀಡು ಅಂದಬಿಡ್ರಿ. ನಿಮ್ಮ ಗಂಟೇನು ಹೋಗ್ತೈತಿ? ಅತ್ತಿ ಕುಣದಾಡ್ತಾಳ."

ಮಾವ ಒಂದು ಕಬ್ಬಿನ ರವದಿ, ಒಣಗಿದ ಎಲೆ, ಸುಲಿದು ಕೆಳಗೆ ಹಾಕಿದರು. "ಸುಳ್ಳ ಅಂದ್ರ ಆಕಿಗೆ ಗೊತ್ತಾಗ್ತೈತಿ. ಇಷ್ಟ ವರ್ಷ ಅಂದದ್ದೂ ಸುಳ್ಳ ಅಂತ ತಿಳ್ಕೊಂಡಾಳು. ನಾಲಿಗಿ ಅಂದಾಗ ಅಂತೇನಿ" ಎಂದರು.

ಹೀಗಿರುವಾಗ ಅತ್ತೆಯ ಮಗನಿಗೆ ಮುದ್ದೇಬಿಹಾಳದ ಹುಡುಗಿ ಗೊತ್ತಾದಳು. ನಿಶ್ಚಯ ಮುಗಿದು ಗೌರಿ ಹುಣ್ಣಿಮೆ ಹತ್ತಿರ ಬಂತು. ನಮ್ಮ ಕಡೆ ಗೊತ್ತಾದ ಹುಡುಗಿಗೆ ಆ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಹೋಗಬೇಕು. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಮಾಡಿದ ಆನೆ, ಕುದುರೆ, ಗಿಳಿ, ತುಳಸಿಕಟ್ಟೆ. ಎಲ್ಲ ಹಾಲಿನಂತೆ ಬೆಳ್ಳಗೆ. ಅವನ್ನು ತಾಟಿನಲ್ಲಿ ಜೋಡಿಸಿ, ನಡುವೆ ದೀಪ ಇಟ್ಟು, ಹುಡುಗಿ ಗೌರಿಗೆ ಬೆಳಗುತ್ತಾಳೆ. ಆಮೇಲೆ ಬಂದವರಿಗೆಲ್ಲ ಹಂಚುತ್ತಾರೆ. ಗಂಡಿನ ಮನೆಯವರ ಮರ್ಯಾದೆ ಆ ತಾಟಿನಲ್ಲಿರುತ್ತದೆ ಎಂದರೂ ನಡೆದೀತು.

ಸಕ್ಕರೆ ಆರತಿಯನ್ನು ಸಕ್ಕರೆಯಿಲ್ಲದೆ ಮಾಡುತ್ತೇನೆ ಎಂದಳು ಅತ್ತೆ!

ಮನೆಯಲ್ಲಿ ಹಾಹಾಕಾರವೆದ್ದಿತು. "ಅವ್ವಾ, ನನ್ನ ಲಗ್ನಾ ಮುರೀತಿ ನೀ" ಎಂದು ಮಗ ಕೈಮುಗಿದ. ಅಂಗಡಿಯಿಂದ ತರಿಸು, ಬೀಗರ ಮನೆಯ ವಿಚಾರ ಎಂದು ಮಾವನೂ ಅಂದರು. ನಾನೂ ನನ್ನ ಪಾಲಿನ ಬುದ್ಧಿ ಹೇಳಿದೆ. ಅತ್ತೆ ಎಲ್ಲರ ಮಾತು ಕೇಳಿ, ನನ್ನೊಬ್ಬನನ್ನೇ ಹಿತ್ತಲಿಗೆ ಕರೆದಳು.

"ಅಲ್ಲೋ ತಮ್ಮಾ, ಆರತಿ ಆದ ಮ್ಯಾಲ ಎಲ್ಲಾರ ಕೈಯಾಗೂ ಕೊಡ್ತಾರ. ಎಲ್ಲಾರೂ ಬಾಯಿ ಚಪ್ಪರಸ್ಕೋತ ತಿಂತಾರ. ಹುಡಗನ ಅಪ್ಪ ಒಬ್ಬಾಂವ ಅವ್ರ ಮಾರಿ ನೋಡ್ಕೋತ ಕೂಡ್ಬೇಕೇನು?"

ನಾನು ಒಳಗೆ ಹೋಗಿ ಅಟ್ಟಕ್ಕೆ ಏಣಿ ಹಚ್ಚಿದೆ.

ಅತ್ತೆಯ ಅತ್ತೆಯ ಕಾಲದ ಸಾಗವಾನಿ ಅಚ್ಚುಗಳು ಅಟ್ಟದಿಂದ ಇಳಿದವು. ಅಂಜೂರ, ಖರ್ಜೂರ, ಒಣದ್ರಾಕ್ಷಿ, ಬಾಳೆಹಣ್ಣು, ಗೋಧಿ ಹಿಟ್ಟು, ತುಪ್ಪ, ಏಲಕ್ಕಿ ಎಲ್ಲ ನಾದಿ, ಅಚ್ಚಿಗೆ ಒತ್ತಿ ಬಿಡಿಸಿದಾಗ ಎಷ್ಟು ಚೆಂದ ಬಂದವು ಅಂತೀರಿ! ಆನೆಗೆ ಸೊಂಡಿಲು, ಕುದುರೆಗೆ ಕಾಲು, ಗಿಳಿಗೆ ಕೊಕ್ಕು. ನಾನೇ ಮೆಚ್ಚಿ ತಲೆದೂಗಿದೆ. ಆದರೆ ರೂಢಿಯ ಬಲ ನೋಡಿ! ಕೈ ತನ್ನಷ್ಟಕ್ಕೆ ಹಿಟ್ಟಿಗೆ ಸೋಡಾ ಹಾಕಿ, ಲಿಂಬೆಹಣ್ಣು ಹಿಂಡಿಬಿಟ್ಟಿತ್ತು. ಉಸುಕಿನ ಕಾವು ತಾಗಿದ್ದೇ ತಡ, ಎಲ್ಲವೂ ಉಬ್ಬಿದವು. ಆನೆಯ ಸೊಂಡಿಲು ಹೊಟ್ಟೆಯಲ್ಲಿ ಕರಗಿಹೋಯಿತು. ಕುದುರೆ ಕಾಲಿಲ್ಲದೆ ಮಲಗಿತು. ಗಿಳಿಗಳು ಕಪ್ಪಗೆ ಬೆಂದು, ಕೊಕ್ಕು ದಪ್ಪಗಾಗಿ, ರೆಕ್ಕೆ ಬಿಚ್ಚಿಕೊಂಡು ಬಂದವು. ಮತ್ತೆ ಮಾಡೋಣವೆಂದರೆ ಹುಣ್ಣಿಮೆ ಅಂದೇ, ಬಾಡಿಗೆ ಗಾಡಿ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿತ್ತು. ಅತ್ತೆ ತಾಟಿನ ಮೇಲೆ ಹೊಸ ಖಣದ ಬಟ್ಟೆ ಮುಚ್ಚಿ, "ರುಚಿ ಐತಿ, ನಡೀರಿ" ಎಂದಳು. ಮುದ್ದೇಬಿಹಾಳ ಮುಟ್ಟುವವರೆಗೂ ಆ ತಾಟು ಅವಳ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಕುಣಿಗೂ ಅವಳು ಡ್ರೈವರನಿಗೆ, "ಸಾವಕಾಶ ಹೊಡಿಯಪಾ" ಎನ್ನುತ್ತಿದ್ದಳು.

ಬೀಗರ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದ್ದರು. ದೇವರ ಮುಂದೆ ಗೌರಿಯನ್ನು ಕೂರಿಸಿದ್ದರು. ನಾನು, ಮಾವ ಪಡಸಾಲೆಯ ಜಮಖಾನದ ಮೇಲೆ ಕೂತೆವು; ಅಲ್ಲಿಂದ ಎಲ್ಲ ಕಾಣುತ್ತಿತ್ತು. ಬೀಗಿತ್ತಿ, ಅಂದರೆ ಹುಡುಗಿಯ ತಾಯಿ, ನಗುತ್ತ ಬಂದು ತಾಟಿನ ಮೇಲಿನ ಖಣ ಸರಿಸಿದಳು. ನಗು ಅಲ್ಲಿಗೇ ನಿಂತಿತು.

"ಇದೇನ್ರೀ ಬೀಗರ?" ಎಂದಳು ಕೊನೆಗೆ, ಗಿಳಿಯೊಂದನ್ನು ಎರಡು ಬೆರಳಲ್ಲಿ ಎತ್ತಿ. "ಗೌರಿ ಆರತಿಗೆ ಕಾಗಿ ತಂದೀರಲ್ರಿ!"

ಕಾಗೆ! ನಮ್ಮಲ್ಲಿ ಕಾಗೆಯನ್ನು ನೆನೆಯುವುದು ಯಾವ ದಿನ ಎಂದು ಬಿಡಿಸಿ ಹೇಳಬೇಕೇ? ಹೆಂಗಸರಲ್ಲಿ ಗುಜುಗುಜು ಎದ್ದಿತು. "ಕಾಗಿ ಅಲ್ರಿ, ಗಿಳಿ. ಬರೇ ಹಣ್ಣಿಂದು. ಸ್ವಲ್ಪ ಉಬ್ಬೈತ್ರಿ" ಎಂದಳು ಅತ್ತೆ. ಪಂಚಾಯಿತಿಯ ಹಿರಿಯರನ್ನೇ ಸುಮ್ಮನಾಗಿಸುವ ದನಿ ಆ ಹೊತ್ತಿಗೆ ಸಣ್ಣಗಾಗಿತ್ತು. ಸಕ್ಕರೆಯಿಲ್ಲದ ಸಕ್ಕರೆ ಆರತಿ ಎಲ್ಲಾದರೂ ಉಂಟೇ ಎಂದು ಯಾರೋ ಹಿಂದಿನಿಂದ ಅಂದರು. ಅಂಗಡಿಗೆ ಯಾರನ್ನಾದರೂ ಕಳಿಸೋಣವೇ ಎಂದು ಇನ್ನೊಬ್ಬರು. ಅತ್ತೆ ತಾಟು ಹಿಡಿದು ನಿಂತೇ ಇದ್ದಳು.

ಆಗ ಎದ್ದವಳು ಮದುಮಗಳು. ಬಂದು ತಾಟನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. "ಅವ್ವಾ, ದೀಪಾ ಹಚ್ಚು. ಗೌರಿಗೆ ಎಲ್ಲಾ ಹಕ್ಕಿನೂ ಒಂದ" ಎಂದಳು. ನಿಜವಾಗಿ ಹೇಳುತ್ತೇನೆ, ಎದ್ದು ಆ ಹುಡುಗಿಗೆ ಕೈಮುಗಿಯಬೇಕೆನಿಸಿತು. ದೀಪ ಹಚ್ಚಿದರು. ಹಾಡು ಮೊದಲು ಅಳುಕಿನಿಂದ ಎದ್ದು, ಆಮೇಲೆ ತುಂಬಿಕೊಂಡಿತು. ಬೆಳಕಿನಲ್ಲಿ ಆ ಕರಿ ಹಕ್ಕಿಗಳೂ ತುಪ್ಪದಿಂದ ಮಿಣಮಿಣ ಹೊಳೆದವು.

ಆರತಿಯಾದ ಮೇಲೆ ಎಲ್ಲರ ಅಂಗೈಗೂ ಒಂದೊಂದು ಪ್ರಾಣಿ ಬಂತು. ಯಾರೂ ಬಾಯಿಗಿಡುತ್ತಿಲ್ಲ. ಅವರು ಇವರನ್ನು ನೋಡುತ್ತಾರೆ, ಇವರು ಅವರನ್ನು. ನಾನು ನನ್ನ ಪಾಲಿನ ಆನೆಯನ್ನು ಕಚ್ಚಿದೆ, ಅತ್ತೆಯ ಮರ್ಯಾದೆ ಉಳಿಸಲೆಂದು. ಕಚ್ಚಿದವನು ಬೆರಗಾದೆ. ಅಂಜೂರದ ಬೀಜ ಹಲ್ಲಿನಡಿ ಚಿಟಿಚಿಟಿ ಎನ್ನುತ್ತಿದೆ, ಏಲಕ್ಕಿ ಮೆಲ್ಲಗೆ ಬರುತ್ತಿದೆ, ಖರ್ಜೂರದ ಸಿಹಿ ನಾಲಿಗೆಯ ಮೇಲೆ ತಂಗಿದೆ. ಇಷ್ಟು ವರ್ಷ ಬಸ್ಸಿನಲ್ಲಿ ಬಂದ ಯಾವ ಡಬ್ಬಿಯಲ್ಲೂ ಇಂಥದ್ದು ಇರಲಿಲ್ಲ!

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಮಾವ ಎದ್ದರು. ಅವರ ಕೈಯ ಕಾಗೆ ಆಗಲೇ ಖಾಲಿಯಾಗಿತ್ತು. ನೆರೆದ ಹೆಂಗಸರ ನಡುವೆ ನಡೆದು, ಅತ್ತೆಯ ಎದುರಿಗೆ ಹೋಗಿ ನಿಂತರು. ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಕೂಡ ಕರೆಯದ ಮನುಷ್ಯ! ಎಂದಿನಂತೆ ಮುಖ ನೋಡಲಿಲ್ಲ. ನೆಲ ನೋಡುತ್ತ ಅಂಗೈ ಚಾಚಿದರು.

"ಇನ್ನಷ್ಟ ನೀಡು" ಎಂದರು.

ಓಣಿಯ ಆ ತುದಿಯಲ್ಲಿ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ನಮ್ಮ ಅತ್ತೆ, "ಏನಂದ್ರಿ?" ಎಂದಳು.

"ಇನ್ನಷ್ಟ ನೀಡು ಅಂದೆ" ಎಂದರು ಮಾವ, ಈ ಸಲ ಪಡಸಾಲೆಗೂ ಕೇಳುವಂತೆ.

ಅತ್ತೆ ಅವರನ್ನೇ ನೋಡಿದಳು. ಎಷ್ಟು ವರ್ಷದಿಂದ ಬಾಗಿಲಿಗೆ ಒರಗಿ ಕಾದ ಮಾತು! ಅವಳ ಮುಂದೆ ಇಟ್ಟಿದ್ದ ತಾಟಿನಲ್ಲಿ ಇನ್ನೂ ಒಂದು ಕುದುರೆ, ಒಂದು ತುಳಸಿಕಟ್ಟೆ ಉಳಿದಿದ್ದವು. ಅವಳು ತಾಟನ್ನು ಹಿಂದಕ್ಕೆ ಸರಿಸಿದಳು.

"ಇಲ್ಲ. ಡಾಕ್ಟರ ಒಂದ ತುಂಡು ಅಂದಾರ" ಎಂದಳು.

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಬೀಗಿತ್ತಿ ನಗುತ್ತಲೇ ತನ್ನ ಕೈಯಲ್ಲಿದ್ದದ್ದನ್ನು ಬಾಯಿಗಿಟ್ಟಳು, ಕಣ್ಣರಳಿಸಿದಳು, ಮಗಳ ಪಾಲಿಗೂ ಕೈ ಚಾಚಿದಳು. ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ, ನಾನು ಮಾತ್ರ ನೋಡಿದೆ. ಅತ್ತೆಯ ಎಡಗೈಯಲ್ಲಿ ಅವಳ ಪಾಲಿನ ಗಿಳಿ ಕಚ್ಚದೆ ಹಾಗೆಯೇ ಇತ್ತು. ಅದನ್ನು ಮುರಿದು ಚಿಕ್ಕ ತುಣುಕೊಂದನ್ನು ಮಾವನ ಅಂಗೈಯಲ್ಲಿಟ್ಟಳು. ಮಾವನ ಬೆರಳುಗಳನ್ನು ತಾನೇ ಮಡಿಚಿ ಮುಚ್ಚಿದಳು.

"ನಾಳಿ ಒಂದ ರೊಟ್ಟಿ ಕಡಿಮಿ ಹಾಕ್ತೇನಿ" ಎಂದಳು. ಹೇಳುವಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ನೆನಪೇ ಇರಲಿಲ್ಲ.